ಬೆವರಿನ ಪಾಲು

ಮಾರ್ಚ್ ೬, ಗುರುವಾರ

ಕಲಬುರಗಿಯಿಂದ ಮಧ್ಯಾಹ್ನದ ಬಸ್ಸಿಗೆ ಬಂದೆವು. ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ನಮ್ಮವರು ಆಟೊ ಕರೆದರು. ನಾನು ಹತ್ತಲಿಲ್ಲ, ನಡೆಯತೊಡಗಿದೆ. ಅವರು ಚೀಲವನ್ನೂ ಸ್ಕ್ಯಾನಿನ ಲಕೋಟೆಯನ್ನೂ ಹಿಡಿದುಕೊಂಡು ಆಟೊದಲ್ಲಿ ನನ್ನ ಪಕ್ಕದಲ್ಲೇ ನಿಧಾನವಾಗಿ ಬಂದರು. ಮನೆ ಮುಟ್ಟುವ ತನಕ ನಾನೇ ಮುಂದಿದ್ದೆ.

ಎರಡೂ ಕಿಡ್ನಿ ಮುದುಡಿ ಸಣ್ಣವಾಗಿವೆಯಂತೆ. ಇಷ್ಟು ವರ್ಷ ಬಿ.ಪಿ. ಇದ್ದದ್ದು ನಿಮಗೆ ಗೊತ್ತೇ ಆಗಲಿಲ್ಲವೇ ಎಂದು ಡಾಕ್ಟರಮ್ಮ ಕೇಳಿದರು. ಗೊತ್ತಾಗುವುದು ಹೇಗೆ? ತಲೆನೋವು ಎಂದು ಒಂದು ಮಾತ್ರೆ ನುಂಗಿದವಳಲ್ಲ ನಾನು. ಹೆಣ್ಣುಮಕ್ಕಳ ಹೈಸ್ಕೂಲಿಗೆ ಪಿ.ಟಿ. ಟೀಚರಾಗಿ ಸೇರಿದ ಮೇಲೆ ಕಾಯಿಲೆ ಎಂದು ರಜೆ ಹಾಕಿದ್ದೇ ಇಲ್ಲ. ಈ ಮಾತನ್ನು ಡಾಕ್ಟರಮ್ಮನಿಗೂ ಹೇಳಿದೆ. ಅವರು ಮೆಚ್ಚಲಿಲ್ಲ.

ಕೈಯಲ್ಲಿ ಒಂದು ಚಿಕ್ಕ ಆಪರೇಶನ್ ಮಾಡಿಸಿಕೊಂಡು ಡಯಾಲಿಸಿಸ್‌ಗೆ ತಯಾರಾಗಿ ಎಂದರು. ಅಂದರೆ ನಮ್ಮ ರಕ್ತವನ್ನು ಯಂತ್ರಕ್ಕೆ ಕೊಟ್ಟು, ತೊಳೆಸಿ, ವಾಪಸು ಪಡೆಯುವುದು. ವಾರಕ್ಕೆ ಎರಡು ಸಲ, ಬದುಕಿರುವ ತನಕ. ವಿಚಾರ ಮಾಡುತ್ತೇನೆ ಅಂದು ಎದ್ದು ಬಂದೆ. ವಿಚಾರ ಮಾಡುವುದು ಏನೂ ಇರಲಿಲ್ಲ.

ಬಸ್ಸಿನಲ್ಲಿ ನಮ್ಮವರು ಮಾತಾಡಲಿಲ್ಲ. ಕಂಡಕ್ಟರ್ ಕೆಲಸದಲ್ಲಿ ಇಡೀ ದಿನ ಕೂಗುವ ಮನುಷ್ಯ, ಪ್ರಯಾಣಿಕನಾಗಿ ಕುಳಿತರೆ ಹೀಗೆ ಸುಮ್ಮನಾಗುತ್ತಾರೆ.

ಸಂಜೆ ಮೈದಾನಕ್ಕೆ ಹೋದೆ. ಖೋ ಖೋ ಹುಡುಗಿಯರು ಕಾಯುತ್ತಿದ್ದರು. ಅವರ ಜೊತೆ ಓಡಿದೆ, ಅವರಿಗಿಂತ ಮುಂದೆ ಓಡಿದೆ. ಮನೆಗೆ ಬಂದು ನೀಲಿ ಟೀ ಶರ್ಟ್ ಬಿಚ್ಚಿ ನೋಡಿದರೆ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆಗಳು. ನೋಡುತ್ತ ನಿಂತೆ. ಚರ್ಮವೂ ವಿಸರ್ಜನೆಯ ಅಂಗ, ಬೆವರಿನಲ್ಲಿ ನೀರು, ಉಪ್ಪು, ಯೂರಿಯಾ ಹೊರಗೆ ಹೋಗುತ್ತವೆ ಎಂದು ಎಂಟನೆಯ ತರಗತಿಯವರಿಗೆ ಪ್ರತಿವರ್ಷ ಆರೋಗ್ಯದ ಪಾಠ ಹೇಳುವವಳು ನಾನೇ. ಕಿಡ್ನಿ ಕೈಬಿಟ್ಟ ಕೆಲಸವನ್ನು ನನ್ನ ಚರ್ಮ ಮಾಡಲಿ. ಹುಮನಾಬಾದ ತಾಲೂಕಿನಲ್ಲಿ ನನ್ನಷ್ಟು ಬೆವರುವ ಹೆಂಗಸು ಇನ್ನೊಬ್ಬಳಿಲ್ಲ.


ಮಾರ್ಚ್ ೧೧, ಮಂಗಳವಾರ

ಊಟದ ಬಿಡುವಿನಲ್ಲಿ ಉಣ್ಣೆಯ ಸ್ವೆಟರ್ ಹಾಕಿಕೊಂಡು ಮೈದಾನ ಸುತ್ತಿದೆ. ಮೊದಲು ಹಣೆ, ಆಮೇಲೆ ಕತ್ತು, ಆಮೇಲೆ ಬೆನ್ನಿನ ಕಾಲುವೆಯಲ್ಲಿ ಧಾರೆ. ತುಟಿಗೆ ಬಂದದ್ದು ಉಪ್ಪಾಗಿ, ಸ್ವಲ್ಪ ಕಹಿಯಾಗಿ ಇತ್ತು. ಆ ಕಹಿಯೇ ಹೊರಗೆ ಬರಬೇಕಾದದ್ದು ಎಂದು ನನಗೆ ಖಾತ್ರಿ.

ಸಂಜೆ ನಮ್ಮವರು ಹಗ್ಗದ ಮೇಲೆ ಸ್ವೆಟರ್ ಒಣಗುವುದನ್ನು ನೋಡಿದರು.

"ಈ ಬಿಸಲಾಗ ಸ್ವೆಟರ್ ಯಾಕ ಹಾಕ್ಕೊಂಡಿದ್ದಿ?"

"ಬೆವರಾಕ."

"ಸುಮ್ಮ ಕುಂತರೂ ಬೆವರ ಹರಿಯಾಕತ್ತದ ಇಲ್ಲಿ. ಜಯಾ, ಡಾಕ್ಟರ್ ಬಾಯಿ ಹೇಳಿದ್ದು ಕೇಳ್ಯಾರ ಕೇಳಿದಿಲ್ಲೊ?"

"ಕೇಳೀನಿ. ಅವರ ವಿದ್ಯಾ ಅವರಿಗಿ, ನನ್ನ ಮೈ ನನಗ."

ಅವರು ಒಳಗೆ ಹೋಗಿ ಅನ್ನಕ್ಕಿಟ್ಟರು. ಮುಖದ ಬಾವು ಇಳಿದಿದೆ. ಕನ್ನಡಿ ಸುಳ್ಳು ಹೇಳುವುದಿಲ್ಲ.


ಮಾರ್ಚ್ ೧೯

ಖೋ ಖೋ ತಂಡದ, ದುಬಲಗುಂಡಿ ಊರಿನ ಪೂನಮ ಇಂದು ಮತ್ತೆ ಸಿಕ್ಕಿಬಿದ್ದಳು. ಆಟದ ನಡುವೆ ಬೇವಿನ ಮರದ ಹಿಂದೆ ಹೋಗಿ ನೀರು ಕುಡಿಯುತ್ತಿದ್ದಳು. ನನ್ನ ಮೈದಾನದಲ್ಲಿ ಆಟ ಮುಗಿಯುವ ತನಕ ನೀರಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹೊಟ್ಟೆಯಲ್ಲಿ ನೀರು ಕುಲುಕಿದರೆ ಕಾಲು ಏಳುವುದಿಲ್ಲ. ನಮ್ಮ ಕಾಲದಲ್ಲಿ ನಾವು ಹಾಗೇ ಆಡಿ ರಾಜ್ಯ ಮಟ್ಟಕ್ಕೆ ಹೋದವರು.

"ಬಾಯಾರಿಕಿ ಆಗಿತ್ತರಿ ಮೇಡಂ," ಅಂದಳು.

"ಬಾಯಾರಿಕಿ ಎಲ್ಲಾರಿಗೂ ಆಗ್ತದ. ನೀ ತಡ್ಕೊಳಾಕ ಕಲಿ."

ತಲೆ ತಗ್ಗಿಸಿ ನಿಂತಳು, ತಪ್ಪಾಯಿತು ಅನ್ನಲಿಲ್ಲ. ಉದ್ದ ಕಾಲಿನ ಹುಡುಗಿ, ಓಟ ಚೆನ್ನಾಗಿದೆ. ಆದರೆ ಮೆದು. ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಾಳೆ, ಸಂಜೆ ಹೋಗಿ ಮನೆಯ ಎಮ್ಮೆ ಕಟ್ಟುತ್ತಾಳೆ. ಅಷ್ಟು ಗಟ್ಟಿಯಾದವಳಿಗೆ ಬಾಯಾರಿಕೆ ತಡೆಯುವುದು ಯಾಕೆ ಆಗುವುದಿಲ್ಲವೋ. ಬದಲಿ ಆಟಗಾರ್ತಿಯಾಗಿಯೇ ಇರಲಿ.


ಮಾರ್ಚ್ ೨೮, ಶುಕ್ರವಾರ

ನಮ್ಮವರ ಒತ್ತಾಯಕ್ಕೆ ಮತ್ತೆ ಕಲಬುರಗಿ. ರಕ್ತದ ವರದಿ ಹಿಂದಿನದಕ್ಕಿಂತ ಕೆಟ್ಟದಾಗಿ ಬಂದಿದೆ. ಡಾಕ್ಟರಮ್ಮ ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಮುಚ್ಚಿಡುವ ಕೆಲಸವಲ್ಲವಲ್ಲ, ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಬೆವರದಾಗ ಯೂರಿಯಾ ಹೋಗ್ತದ ಅಂತ ಪುಸ್ತಕದಾಗೇ ಅದರಿ," ಅಂದೆ.

"ಅದ. ಸುಳ್ಳಲ್ಲ. ಎಷ್ಟು ಹೋಗ್ತದ ಅಂತ ಪುಸ್ತಕದಾಗ ಬರದಿಲ್ಲ." ಅವರು ಮೇಜಿನ ಮೇಲಿನ ನೀರಿನ ಲೋಟ ನನ್ನ ಕಡೆ ಸರಿಸಿದರು. "ಚರ್ಮ ಒಂದು ಚಿಟಿಕಿ ಹೊರಗ ಹಾಕಿದರ ಕಿಡ್ನಿ ಬೊಗಸಿ ತುಂಬಾ ಹಾಕ್ತದ. ಬೆವರಿನ ಖರೇ ಕೆಲಸ ಬ್ಯಾರೆ ಅದ. ಅದು ಮೈ ತಣ್ಣಗ ಇಡಾಕ ಬರೋದು. ಚರ್ಮದ ಮ್ಯಾಲ ಆರುವಾಗ ಮೈಯಾಗಿನ ಕಾವು ತೊಗೊಂಡು ಹೋಗ್ತದ. ನೀವು ಸ್ವೆಟರ್ ಹಾಕ್ಕೊಂಡು ಅದನ್ನ ಆರಾಕೂ ಬಿಡವಲ್ಲಿರಿ."

"ಬಾವು ಇಳದದಲ್ಲರಿ?"

"ನೀರು ಹೋತು, ಬಾವು ಇಳೀತು. ಹೊಲಸು ಅಲ್ಲೇ ಉಳೀತು. ಮ್ಯಾಲ ರಕ್ತದಾಗ ನೀರು ಕಮ್ಮಿ ಆತಂದ್ರ ಉಳದಿದ್ದ ಸ್ವಲ್ಪ ಕಿಡ್ನಿನೂ ಒಣಗ್ತದ. ನೀವು ಅದನ್ನ ಉಳಸಾಕತ್ತೀನಿ ಅನ್ಕೊಂಡು ಕಳಕೊಳ್ಳಾಕತ್ತೀರಿ."

ಚಿಕ್ಕ ವಯಸ್ಸಿನ ಡಾಕ್ಟರು. ಓಡಿ ಗೊತ್ತಿಲ್ಲದ ಮೈಕಟ್ಟು. ಲೋಟದ ನೀರನ್ನು ನಾನು ಮುಟ್ಟಲಿಲ್ಲ.


ಏಪ್ರಿಲ್ ೨

ಓಡಿದೆ.


ಏಪ್ರಿಲ್ ೧೭, ಗುರುವಾರ

ಇಂದು ಪೆನ್ನು ಹಿಡಿಯಲು ಬರುತ್ತಿದೆ. ಕಲಬುರಗಿಯ ಆಸ್ಪತ್ರೆ, ಕಿಟಕಿಯ ಪಕ್ಕದ ಹಾಸಿಗೆ. ಕತ್ತಿನಲ್ಲಿ ನಳಿಕೆ ಇಟ್ಟಿದ್ದಾರೆ, ತಲೆ ತಿರುಗಿಸಿದರೆ ಎಳೆಯುತ್ತದೆ.

ನನಗೆ ನೆನಪಿರುವುದು ಇಷ್ಟೇ. ಪರೀಕ್ಷೆಗಳು ಮುಗಿದಿದ್ದವು. ಬೇಸಿಗೆ ಅಭ್ಯಾಸ ಮುಗಿಸಿ ಹುಡುಗಿಯರನ್ನು ನೆರಳಿಗೆ ಕಳಿಸಿ, ಬಿಸಿಲು ಏರಿದ ಮೇಲೆ ನಾನೊಬ್ಬಳೇ ಸ್ವೆಟರ್ ಹಾಕಿಕೊಂಡು ಹೊರಟೆ. ಸ್ವಲ್ಪ ಹೊತ್ತಿನಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ಮೈ ಕೆಂಡದ ಹಾಗೆ ಸುಡುತ್ತಿದೆ, ಆದರೆ ಒಣಗಿದೆ. ಹಣೆ ಒರೆಸಿಕೊಂಡರೆ ಒಂದು ಹನಿಯಿಲ್ಲ. ಬೆವರು ನಿಂತುಹೋಗಿತ್ತು. ನನ್ನ ಬೆವರು ನನಗೇ ಕೈಕೊಟ್ಟಿತು ಎಂದು ಸಿಟ್ಟು ಬಂದು ಇನ್ನೂ ಜೋರಾಗಿ ಓಡಿದೆ. ಆಮೇಲೆ ಖೋ ಖೋ ಅಂಕಣದ ಒಂದು ಕಂಬ ಎರಡಾಗಿ ಕಂಡದ್ದು ಗೊತ್ತು.

ಉಳಿದದ್ದನ್ನು ನಮ್ಮವರು ಹೇಳಿದರು. ನಾನು ಬಿದ್ದ ಕೂಡಲೇ ಹುಡುಗಿಯರೆಲ್ಲ ಅಳುತ್ತ ನಿಂತಾಗ ಪೂನಮ ಓಡಿ ಬಂದು ಸ್ವೆಟರ್ ಬಿಚ್ಚಿದಳಂತೆ. ಬೇವಿನ ಮರದ ಹಿಂದಿನಿಂದ ನೀರಿನ ಕ್ಯಾನ್ ತಂದು ತಲೆ, ಕತ್ತು, ಕಂಕುಳಿಗೆಲ್ಲ ಸುರಿದಳಂತೆ. ಇಬ್ಬರು ಹುಡುಗಿಯರಿಗೆ ದುಪಟ್ಟಾದಿಂದ ಗಾಳಿ ಹಾಕಲು ಹೇಳಿ ತಾನು ರಸ್ತೆಗೆ ಹೋಗಿ ಆಟೊ ನಿಲ್ಲಿಸಿದಳಂತೆ. ಬೆವರು ಮಾಡಬೇಕಾದ ಕೆಲಸವನ್ನು ಆ ನೀರು ಮಾಡಿತು, ಇಲ್ಲದಿದ್ದರೆ ನಿಮ್ಮ ಹೆಂಡತಿ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ನಮ್ಮವರಿಗೆ ಹೇಳಿದ್ದಾರೆ.

ಕಿಡ್ನಿ ಪೂರ್ತಿ ನಿಂತಿದೆ. ಡಯಾಲಿಸಿಸ್ ಮೂರು ಸಲ ಆಯಿತು. ಎಡಗೈಯಲ್ಲಿ ರಕ್ತನಾಳ ಕೂಡಿಸುವ ಆಪರೇಶನ್ನೂ ಆಯಿತು. ನನ್ನನ್ನು ಯಾರೂ ಕೇಳಲಿಲ್ಲ. ಸಹಿ ಹಾಕಿದವರು ನಮ್ಮವರು.

ಆ ಕ್ಯಾನನ್ನು ಪೂನಮ ನನಗೆ ಕಾಣದ ಹಾಗೆ ದಿನಾ ಬಚ್ಚಿಡುತ್ತಿದ್ದಳಂತೆ. ಇದು ಶಿಸ್ತಿನ ಪ್ರಶ್ನೆ. ಶಾಲೆ ಶುರುವಾದ ಮೇಲೆ ವಿಚಾರಿಸಬೇಕು.


ಮೇ ೫, ಸೋಮವಾರ

ಹುಮನಾಬಾದಿನಲ್ಲಿ ಡಯಾಲಿಸಿಸ್‌ನ ಪಾಳಿ ಖಾಲಿ ಇಲ್ಲ, ಕಲ್ಯಾಣದ ಆಸ್ಪತ್ರೆಯಲ್ಲಿ ಸಿಕ್ಕಿತು. ಸೋಮವಾರ ಮತ್ತು ಗುರುವಾರ, ಎರಡನೆಯ ಪಾಳಿ. ನಮ್ಮವರು ತಮ್ಮ ಡ್ಯೂಟಿಯನ್ನು ಅದೇ ರೂಟಿಗೆ ಹಾಕಿಸಿಕೊಂಡಿದ್ದಾರೆ. ಬಸ್ಸಿನಲ್ಲಿ ಎಲ್ಲ ಹೆಂಗಸರಿಗೆ ಕೇಳಿದ ಹಾಗೆ ನನಗೂ "ಆಧಾರ್ ತೋರಸ್ರಿ" ಅಂದು ಶೂನ್ಯ ಟಿಕೆಟ್ ಹರಿದುಕೊಟ್ಟರು. ಪಕ್ಕದಲ್ಲಿದ್ದ ಅಜ್ಜಿಗೆ ಇವರು ನನ್ನ ಗಂಡ ಎಂದು ನಾನೂ ಹೇಳಲಿಲ್ಲ. ನಿಯಮ ಎಂದರೆ ಹೀಗಿರಬೇಕು.

ಡಯಾಲಿಸಿಸ್ ನೋಡಿಕೊಳ್ಳುವವಳು ಫರಹತ್ ಎಂಬ ಹುಡುಗಿ. ನನ್ನ ಶಿಷ್ಯೆಯರ ವಯಸ್ಸಿಗಿಂತ ಸ್ವಲ್ಪ ಹೆಚ್ಚು ಇರಬಹುದು. ಬಂದ ಕೂಡಲೇ ಚಪ್ಪಲಿ ಬಿಡಿಸಿ ತಕ್ಕಡಿಯ ಮೇಲೆ ನಿಲ್ಲಿಸಿದಳು. ಮುಳ್ಳು ನೋಡಿ, "ಎಷ್ಟ ನೀರ ಕುಡದ್ರಿ ಮೇಡಂ?" ಎಂದು ಕೇಳಿದಳು. ಮೂತ್ರವೇ ಇಲ್ಲದ ಮೇಲೆ ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ, ಹೆಚ್ಚಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಹೇಳಿದಳು. ದಿನಕ್ಕೆ ಇಷ್ಟೇ ಎಂದು ಒಂದು ಚಿಕ್ಕ ಬಾಟಲಿ ತೋರಿಸಿದಳು. ಅವಳಿಗೆ ಸೀಟಿಯೊಂದು ಕೊಟ್ಟರೆ ಒಳ್ಳೆಯ ಪಿ.ಟಿ. ಟೀಚರ್ ಆಗುತ್ತಾಳೆ.

ಪಕ್ಕದ ಹಾಸಿಗೆಯಲ್ಲಿ ಮೊಹಿನುದ್ದೀನ್ ಚಾಚಾ. ಕಲ್ಯಾಣದ ಟೇಲರ್, ಬಿಳಿ ಗಡ್ಡ. ನಾನು ಹಾಸಿಗೆಯಲ್ಲಿ ಹೊರಳಾಡುವುದನ್ನು ಸ್ವಲ್ಪ ಹೊತ್ತು ನೋಡಿದರು.

"ಟೀಚರ್ ಬಾಯಿ, ಇಲ್ಲಿ ಓಡಾಕ ಜಾಗಾ ಇಲ್ಲರಿ. ಇಲ್ಲಿ ರಗತ ಓಡ್ತದ, ನಾವು ಮಲಗಬೇಕು."

ಮಲಗಿ ನೋಡಿದೆ. ಕೆಂಪು ನಳಿಕೆಗಳಲ್ಲಿ ನನ್ನ ರಕ್ತ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬರುತ್ತಿತ್ತು. ಓಟ ಪರವಾಗಿಲ್ಲ, ಒಂದೇ ಲಯ.

ವಾಪಸು ಬಂದಾಗ ಆಟೊ ಹತ್ತಿದೆ. ಚೀಲ ಇತ್ತು.


ಮೇ ೧೨

ಮಾವಿನ ಕಾಲ. ಹಣ್ಣು ತಿನ್ನುವ ಹಾಗಿಲ್ಲ, ನೀರು ಕುಡಿಯುವ ಹಾಗಿಲ್ಲ. ಒಂದು ಐಸಿನ ತುಂಡು ಬಾಯಲ್ಲಿಟ್ಟುಕೊಂಡು ಅದು ಪೂರ್ತಿ ಕರಗುವ ತನಕ ಬೇರೇನನ್ನೂ ಯೋಚಿಸಲಿಲ್ಲ.


ಮೇ ೨೨, ಗುರುವಾರ

ಇಂದು ನನಗೆ ಬಹಳ ಸಂತೋಷ.

ತಕ್ಕಡಿಯ ಮೇಲೆ ನಿಂತಾಗ ಫರಹತ್ ಎರಡು ಸಲ ನೋಡಿದಳು. "ಈ ವಾರದಾಗ ಎಲ್ಲಾರಕಿಂತ ಕಮ್ಮಿ ಏರಿದ್ದು ನಿಮ್ಮ ತೂಕ ಅದ ಮೇಡಂ. ನೀರ ಕುಡದಿಲ್ಲೇನು?"

"ನೀ ಹೇಳಿದಷ್ಟೇ ಕುಡದೀನಿ. ಬೆವರೀನಿ."

ಸೋಮವಾರ ತಪಾಸಣೆಗೆ ಬಂದಿದ್ದ ಡಾಕ್ಟರು ಬೆವರಿನ ಈ ಮಾತನ್ನು ಒಪ್ಪಿಕೊಂಡಿದ್ದರಂತೆ. ಬೇಸಿಗೆಯಲ್ಲಿ ಕೆಲವರಿಗೆ ಬೆವರಿನಿಂದಲೇ ಅಷ್ಟಿಷ್ಟು ನೀರು ಹೋಗಿ ಯಂತ್ರದ ಕೆಲಸ ಹಗುರಾಗುತ್ತದೆ, ಹೊಲಸನ್ನು ಮಾತ್ರ ಯಂತ್ರವೇ ತೆಗೆಯಬೇಕು ಎಂದರಂತೆ. ಫರಹತ್ ಇದನ್ನು ಹೇಳಿ, "ಆದ್ರ ಬೆವರಸಾಕ ಅಂತ ಬಿಸಲಾಗ ನಿಂದರಬ್ಯಾಡ್ರಿ ಮತ್ತ. ಅದರ ಪಾಲಿಗಿ ಎಷ್ಟು ಬರ್ತದ ಅಷ್ಟೇ ತೊಗೊಬೇಕು," ಎಂದು ಬೆರಳು ತೋರಿಸಿದಳು.

ಆಗಲಿ. ಪಾಲು ಎಂದು ಒಂದು ಇದೆಯಲ್ಲ. ಇಡೀ ಹಾಲ್‌ಗೆ ಕೇಳುವ ಹಾಗೆ ಚಾಚಾನಿಗೆ ಹೇಳಿದೆ. "ನೋಡ್ರಿ ಚಾಚಾ, ಬೆವರೋದ್ರಾಗ ಈ ಹಾಲ್‌ದಾಗ ನಾನೇ ಫಸ್ಟ್."

"ಇನಾಮು ಏನು ಕೊಡ್ತಾರಂತ ಕೇಳ್ರಿ," ಅಂದರು ಚಾಚಾ. "ಅರ್ಧಾ ಗ್ಲಾಸ್ ನೀರ ಕೊಟ್ಟಾರು."

ಎಲ್ಲರೂ ನಕ್ಕರು. ನನಗೂ ನಗು ಬಂತು. ಆ ಹಾಲ್‌ನಲ್ಲಿ ನಗು ಕೇಳಿದ್ದು ಅದೇ ಮೊದಲು.

ಎಡಗೈಯ ನಾಳ ದಪ್ಪವಾಗುತ್ತಿದೆ. ಅದಕ್ಕಾಗಿ ರಬ್ಬರ್ ಚೆಂಡು ಹಿಸುಕಬೇಕು. ಬೆರಳಿಟ್ಟರೆ ಒಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಅನ್ನುತ್ತದೆ. ಫರಹತ್ ಕಿವಿಗೆ ಸ್ಟೆತೊಸ್ಕೋಪು ಇಟ್ಟು ಕೇಳಿ, ಇಷ್ಟು ಬೇಗ ಇಷ್ಟು ಜೋರಾದ ನಾಳ ತಾನು ನೋಡಿಲ್ಲ ಅಂದಳು. ಚೆಂಡು ಹಿಸುಕುವುದರಲ್ಲಿ ಬೇರೆಯವರು ಬಹಳ ಸೋಮಾರಿಗಳು. ಮುಂದಿನ ವಾರದಿಂದ ಎಲ್ಲರಿಗೂ ಚೆಂಡು ತರುತ್ತೇನೆ, ನಾನೇ ಎಣಿಕೆ ಹಾಕುತ್ತೇನೆ.


ಜೂನ್ ೩

ಶಾಲೆ ಶುರುವಾಗಿದೆ. ಹೆಡ್ ಮಾಸ್ತರರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಮೈದಾನ ಬೇಡ, ಲೈಬ್ರರಿ ನೋಡಿಕೊಳ್ಳಿ, ಸೋಮವಾರ ಗುರುವಾರ ರಜೆಯ ವ್ಯವಸ್ಥೆ ಮಾಡೋಣ. ರಜೆಗೆ ಒಪ್ಪಿದೆ, ಲೈಬ್ರರಿಗೆ ಒಪ್ಪಲಿಲ್ಲ. ಕುರ್ಚಿಯೊಂದನ್ನು ಬೇವಿನ ಕೆಳಗೆ ಹಾಕಿಸಿ, ಅಲ್ಲಿಂದಲೇ ಕಲಿಸುತ್ತೇನೆ ಅಂದೆ.

"ನೀವು ಕುಂತು ಕಲಿಸ್ತೀರಿ?" ಎಂದು ಅವರು ಆಶ್ಚರ್ಯಪಟ್ಟರು.

ಕುಳಿತರೆ ಏನಾಯಿತು, ಗಂಟಲು ಕುಳಿತಿಲ್ಲವಲ್ಲ.

ಪೂನಮಳನ್ನು ಕರೆದು ಕ್ಯಾನಿನ ವಿಷಯ ವಿಚಾರಿಸಿದೆ.

"ಕ್ಯಾನ್ ಯಾಕ ಬಚ್ಚಿಡ್ತಿದ್ದಿ?"

"ನಮ್ಮವ್ವ ಹೊಲದಾಗ ಕಳಿ ತಗಿಯಾಕ ಹೋದಾಗ ಒಮ್ಮಿ ತಲಿ ತಿರಗಿ ಬಿದ್ದಿದ್ದಳರಿ ಮೇಡಂ. ಆಗಿಂದ ಅಕಿ ಎಲ್ಲಿ ಹೋದರೂ ನೀರ ಒಯ್ತಾಳ, ನನಗೂ ಒಯ್ಯಿ ಅಂತಾಳ. ನೀವು ಬ್ಯಾಡ ಅಂತೀರಿ. ಇಬ್ಬರ ಮಾತೂ ಕೇಳಬೇಕಲ್ಲರಿ, ಅದಕ ಬಚ್ಚಿಡ್ತಿದ್ದೆ."

ಉತ್ತರ ಕೊಡುವಾಗ ಈ ಹುಡುಗಿ ಕಣ್ಣು ತಗ್ಗಿಸುವುದಿಲ್ಲ. ಇದನ್ನು ನಾನು ಮೊದಲು ಗಮನಿಸಿರಲಿಲ್ಲ. ಇನ್ನು ಮೇಲೆ ಕ್ಯಾನನ್ನು ನನ್ನ ಕುರ್ಚಿಯ ಪಕ್ಕದಲ್ಲೇ ಇಡು, ಎಲ್ಲರಿಗೂ ಸಾಲುವಷ್ಟು ತುಂಬಿಸು ಅಂದೆ. ನಾಯಕಿಯ ತೋಳುಪಟ್ಟಿಯನ್ನೂ ಅವಳಿಗೇ ಕೊಟ್ಟೆ.

ಆಟದ ನಡುವೆ ಸೀಟಿ ಊದಿ ಹುಡುಗಿಯರಿಗೆ ಲೋಟದಲ್ಲಿ ನೀರು ಹಾಕಿಕೊಟ್ಟೆ. ಗಟಗಟ ಕುಡಿದರು. ಅವರ ಗಂಟಲು ಏರಿಳಿಯುವುದನ್ನು ನೋಡುತ್ತ ಕುಳಿತೆ. ಎಂಥ ಚೆಂದ ಕುಡಿಯುತ್ತಾರೆ. ಮತ್ತೆ ಓಡಿದಾಗ ಒಬ್ಬಳ ಕಾಲೂ ಭಾರವಾಗಲಿಲ್ಲ.


ಜೂನ್ ೧೯, ಗುರುವಾರ

ಕತ್ತಿನ ನಳಿಕೆ ತೆಗೆದರು. ಇಂದಿನಿಂದ ಕೈಗೇ ಸೂಜಿ. ಸೂಜಿ ಅಂದರೆ ಸೂಜಿಯಲ್ಲ, ದಬ್ಬಣ. ನಾನು ಮುಖ ತಿರುಗಿಸಲಿಲ್ಲ. ಫರಹತ್ ಸೂಜಿ ಹಿಡಿದು ನಾಳವನ್ನು ಮತ್ತೆ ಮತ್ತೆ ಮುಟ್ಟಿ ನೋಡಿದಳು. "ನಿಂಗ ಬರ್ತದ, ಚುಚ್ಚು," ಅಂದೆ. ಚುಚ್ಚಿದಳು. ಒಂದೇ ಸಲಕ್ಕೆ.

ಚಾಚಾ ಒಂದು ಪೊಟ್ಟಣ ಕೊಟ್ಟರು. ನೀಲಿ ಟ್ರ್ಯಾಕ್ ಸೂಟಿನ ಅಂಗಿ. ಎಡ ತೋಳು ಹೆಗಲಿನಿಂದ ಮೊಳಕೈ ತನಕ ಸೀಳಿ, ಒಳಗಿನಿಂದ ಪಟ್ಟಿ ಕೊಟ್ಟು, ಗುಂಡಿ ಹಚ್ಚಿದ್ದಾರೆ. ಸೂಜಿ ಹಾಕುವಾಗ ಬಿಚ್ಚಿದರೆ ಸಾಕು. ಯಂತ್ರದಲ್ಲಿ ಹೊಲಿದ ಹಾಗೆ ಕಾಣುತ್ತದೆ, ಆದರೆ ಪೂರ್ತಿ ಕೈಹೊಲಿಗೆ. ಈಗ ಬಹಳ ಹೊತ್ತು ಮಷೀನು ತುಳಿಯಲು ಅವರಿಂದ ಆಗುವುದಿಲ್ಲ.

"ಕೈ ಮುಚ್ಚಿಕೊಂಡು ಅಡ್ಡಾಡ್ತೀರಿ ನೀವು, ನಾ ನೋಡೀನಿ," ಅಂದರು. "ಮುಚ್ಚಾಕ ಕಳ್ಳತನ ಮಾಡೀರೇನು?"

ಯಾರಿಂದಲೂ ಏನನ್ನೂ ತೆಗೆದುಕೊಂಡು ನನಗೆ ರೂಢಿಯಿಲ್ಲ. ಅಲ್ಲೇ ಹಾಕಿಕೊಂಡೆ. ಬಸ್ಸಿನಲ್ಲಿ ಗುಂಡಿ ಹಾಕಲಿಲ್ಲ. ಸಸ್ತಾಪುರ ಬಂಗಲಾ ಸ್ಟಾಪಿನಲ್ಲಿ ಹತ್ತಿದ ಹೆಂಗಸು ಕೈಗೆ ಏನಾಗಿದೆ ಎಂದು ಕೇಳಿದಳು. ರಾಜೇಶ್ವರ ಸ್ಟಾಪು ಬರುವ ತನಕ ವಿವರವಾಗಿ ಹೇಳಿದೆ. ನಮ್ಮವರು ಟಿಕೆಟ್ ಕೊಡುವುದನ್ನು ಮರೆತು ಕೇಳುತ್ತ ನಿಂತಿದ್ದರು.


ಜುಲೈ ೧೦, ಗುರುವಾರ

ಇಂದು ಹಾಲ್‌ಗೆ ಹೊಸಬರೊಬ್ಬರು ಬಂದರು. ಕೊಹಿನೂರ ಎಂಬ ಹಳ್ಳಿಯ ಕಾಶಿರಾಮ, ಒಕ್ಕಲುತನದವರು, ಅರವತ್ತರ ಹತ್ತಿರದ ಗಟ್ಟಿ ಆಳು. ಹೆಂಡತಿ ಯಶೋದಾಬಾಯಿ ಹಿಂದೆ ನಿಂತಿದ್ದರು. ಕಾಶಿರಾಮ ಹಾಸಿಗೆ ಹತ್ತಲು ಒಪ್ಪಲಿಲ್ಲ. ಫರಹತ್ ಎಷ್ಟು ಹೇಳಿದರೂ ಬಾಗಿಲಲ್ಲೇ ನಿಂತರು.

"ನನಗ ಇದು ಬ್ಯಾಡ. ಹೊಲದಾಗ ಬೆವರ ಹರಿಸಿ ಬೆಳದ ಮೈ ಅದ ಇದು. ಬೆವರ ಹರಿಸೇ ನೆಟ್ಟಗ ಮಾಡ್ಕೋತೀನಿ."

ಫರಹತ್ ನನ್ನ ಕಡೆ ನೋಡಿದಳು. ಚಾಚಾ ಮೇಲೆ ಫ್ಯಾನಿನ ಕಡೆ ನೋಡತೊಡಗಿದರು. ನನ್ನ ಕೈಯಲ್ಲಿ ಸೂಜಿಗಳಿದ್ದವು, ಏಳುವ ಹಾಗಿರಲಿಲ್ಲ. ಮಲಗಿದಲ್ಲಿಂದಲೇ ಕರೆದೆ.

"ಕಾಕಾ, ಈ ಕಡಿ ಬರ್ರಿ. ನಾನೂ ಬೆವರ ಹರಿಸೀನಿ. ಉಣ್ಣಿ ಸ್ವೆಟರ್ ಹಾಕ್ಕೊಂಡು, ಮಟಮಟ ಮಧ್ಯಾಹ್ನದಾಗ. ನಿಮಗಿಂತ ಹೆಚ್ಚಿಗಿ ಹರಿಸೀನಿ."

"ಹಂಗಾರ ಇಲ್ಲ್ಯಾಕ ಮಲಗೀರಿ?"

ಬೇರೆಯವರಾಗಿದ್ದರೆ ಚಿಟಿಕೆ, ಬೊಗಸೆ ಎಂದು ಲೆಕ್ಕ ಹೇಳುತ್ತಿದ್ದರೇನೋ. ನಾನು ಅವರ ಕೈ ಕೇಳಿದೆ. ಗಡಸು ಕೈ. ಅದನ್ನು ತೆಗೆದುಕೊಂಡು ನನ್ನ ಎಡಗೈಯ ನಾಳದ ಮೇಲೆ, ಸೂಜಿಗಳಿಗಿಂತ ಮೇಲೆ ಇಟ್ಟೆ. ಅವರು ಬೆಂಕಿ ಮುಟ್ಟಿದ ಹಾಗೆ ಹಿಂದೆಗೆದು, ಮತ್ತೆ ತಾವಾಗಿಯೇ ಇಟ್ಟರು.

"ಏನಿದು, ಮೋಟಾರ್ ನಡದಂಗ ನಡದದ?"

"ನನ್ನ ರಕ್ತ ಅದರಿ. ಇದರ ಮ್ಯಾಲ ನಾ ಬದುಕಾಕತ್ತೀನಿ. ನಾಳಿ ಮುಂಜಾನಿ ಮೈದಾನಕ ಹೋಗ್ತೀನಿ. ನೀವೂ ಹೊಲಕ ಹೋಗ್ರಿ, ಬೆವರ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ. ಬೆವರಿಗಿ ಆಗಲಾರದ್ದಷ್ಟು ಇಲ್ಲಿ ಮಾಡಿಸ್ಕೊಂಡು ಹೋಗ್ರಿ."

ಬಹಳ ಹೊತ್ತು ಕೈ ಇಟ್ಟುಕೊಂಡೇ ನಿಂತಿದ್ದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಚಪ್ಪಲಿ ಎಲ್ಲಿ ಬಿಡಬೇಕ ಕೇಳು," ಅಂದರು. ಯಶೋದಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡರು.

ಮುಂದಿನ ಸಲದಿಂದ ಅವರಿಗೆ ಸೋಮವಾರ, ಗುರುವಾರವೇ ಬೆಳಗಿನ ಮೊದಲ ಪಾಳಿ ಸಿಕ್ಕಿದೆ, ಹೊಲಕ್ಕೆ ಹೋಗಲು ಅನುಕೂಲ. ಹೊರಡುವಾಗ ಕಾಶಿರಾಮ ಕಾಕಾ ನನ್ನ ಕಡೆ ನೋಡಿ, ಸ್ವೆಟರಿನ ಮಾತು ಖರೇನಾ ಎಂದು ಕೇಳಿದರು. ಖರೇ ಅಂದೆ. ನಕ್ಕರು. ಮನೆಗೆ ಬಂದ ಮೇಲೂ ಅವರ ನಗುವೇ ಕಣ್ಣ ಮುಂದಿದೆ.


ಆಗಸ್ಟ್ ೪

ತಾಲೂಕಿನಲ್ಲಿ ಗೆದ್ದಿದ್ದೇವೆ. ಜಿಲ್ಲಾ ಮಟ್ಟದ ಪಂದ್ಯ ಈ ಸಲ ಕಲ್ಯಾಣದಲ್ಲೇ, ಇಪ್ಪತ್ತೊಂದನೇ ತಾರೀಖು. ಗುರುವಾರ. ನನ್ನ ಪಾಳಿಯ ಹೊತ್ತು, ಪಂದ್ಯದ ಹೊತ್ತು ಒಂದೇ.

ಡಯಾಲಿಸಿಸ್ ಒಂದು ದಿನ ಮುಂದೆ ಹಾಕುತ್ತೇನೆ ಅಂದೆ. ಫರಹತ್ ತಕ್ಕಡಿ ತೋರಿಸಿದಳು. ಮಳೆಗಾಲ ಬಂದ ಮೇಲೆ ಬೆವರು ಕಡಿಮೆಯಾಗಿ ತೂಕ ಏರುತ್ತಿದೆ, ಮುಂದೆ ಹಾಕಿದರೆ ಉಸಿರಿಗೆ ತೊಂದರೆ. ಬೇಸಿಗೆಯಲ್ಲಿ ಮೊದಲ ಸ್ಥಾನದಲ್ಲಿದ್ದವಳು ಈಗ ಕೆಳಗಿನಿಂದ ಮೂರನೆಯವಳು. ಋತುವಿನ ದೋಷ, ನನ್ನದಲ್ಲ.

ಚಾಚಾ ಯಾರಿಗೆ ಫೋನು ಮಾಡಿದರೋ ಗೊತ್ತಿಲ್ಲ. ನನ್ನ ಡಯಾಲಿಸಿಸ್ ಮುಗಿಯುವ ಹೊತ್ತಿಗೆ ಕಾಶಿರಾಮ ಕಾಕಾನ ಫೋನು ಬಂತು. ಆ ದಿನ ತಮ್ಮ ಬೆಳಗಿನ ಪಾಳಿ ನನಗೆ, ನನ್ನ ಪಾಳಿ ಅವರಿಗೆ.

"ನಿಮ್ಮ ಹೊಲದ ಕೆಲಸ ಕೆಡ್ತದಲ್ಲರಿ ಕಾಕಾ," ಅಂದೆ.

"ಹೊಲ ಎಲ್ಲಿ ಓಡಿ ಹೋಗ್ತದ? ನಿಮ್ಮ ಹುಡಿಗ್ಯಾರು ಓಡ್ತಾರ. ಹೋಗ್ರಿ."

ಸರಿ ಅಂದೆ.


ಆಗಸ್ಟ್ ೨೧, ಗುರುವಾರ

ಬೆಳಕು ಹರಿಯುವ ಮುಂಚೆ ನಮ್ಮವರ ಮೊದಲ ಟ್ರಿಪ್ಪಿಗೆ ಹೊರಟೆ. ಸೂಜಿ ಹಾಕಿ, ತೊಳೆದು, ತೆಗೆಯುವಷ್ಟರಲ್ಲಿ ಬಿಸಿಲು ಏರಿತ್ತು. ಬಿ.ಪಿ. ಇಳಿದಿದೆ, ಸ್ವಲ್ಪ ಹೊತ್ತು ಮಲಗಿ ಅಂದಳು ಫರಹತ್. ಮಲಗಿದೆ. ಹೊರಗೆ ಎಲ್ಲೋ ಮೈಕಿನ ಸದ್ದು ಬಂದ ಹಾಗೆ ಆಗುತ್ತಿತ್ತು. ಅವಳು ಹೋಗಬಹುದು ಅನ್ನುವ ತನಕ ಏಳಲಿಲ್ಲ.

ಮೈದಾನ ಮುಟ್ಟಿದಾಗ ಅಂತಿಮ ಪಂದ್ಯದ ಕೊನೆಯ ಪಾಳಿ ನಡೆದಿತ್ತು. ಔರಾದಿನ ಹುಡುಗಿಯರು ಮುಂದಿದ್ದರು. ಜನರ ಹಿಂದೆ ನಿಂತೆ. ಮುಂದೆ ಹೋದರೆ ನಮ್ಮ ಹುಡುಗಿಯರು ನನ್ನ ಕಡೆ ನೋಡಿ ಆಟ ಕೆಡಿಸಿಕೊಳ್ಳುತ್ತಾರೆ. ಪೂನಮಳ ತೋಳಿನಲ್ಲಿ ನಾಯಕಿಯ ಪಟ್ಟಿ. ಬೆನ್ನು ಪೂರ್ತಿ ತೊಯ್ದು ಅಂಗಿ ಅಂಟಿಕೊಂಡಿತ್ತು.

ನಾನು ಹೇಳಿಕೊಟ್ಟಿದ್ದ ಕ್ರಮವನ್ನು ಅವಳು ಪೂರ್ತಿ ಬದಲಿಸಿಬಿಟ್ಟಿದ್ದಳು. ಬೆನ್ನಟ್ಟುವುದಕ್ಕೆ ನಮ್ಮ ತಂಡದ ಹುಡುಗಿ ಸಾಕ್ಷಿ ಕೊನೆಗೆ ಏಳಬೇಕು, ಕಂಬದ ಹತ್ತಿರ ಕೂರಬೇಕು ಎಂದು ನಾನು ತಿಂಗಳುಗಟ್ಟಲೆ ಹೇಳಿದ್ದೆ. ಪೂನಮ ಅವಳನ್ನು ನಡುವೆ ಕೂರಿಸಿ, ಕಂಬದ ಬದಿಗೆ ತಾನು ಕುಳಿತಿದ್ದಳು. ನನ್ನ ಬಾಯಿಗೆ ಸೀಟಿ ಬಂದಿತ್ತು. ಊದಲಿಲ್ಲ. ನೋಡಿದೆ. ಔರಾದಿನ ಅತ್ಯಂತ ಚುರುಕಾದ ಹುಡುಗಿ ಪ್ರತಿಸಲ ಕಂಬ ಸುತ್ತಿ ತಪ್ಪಿಸಿಕೊಳ್ಳುತ್ತಿದ್ದಳು. ಅವಳು ಈ ಸಲವೂ ಕಂಬದ ಕಡೆ ಬಂದಾಗ ಸಾಕ್ಷಿ ನಡುವಿನಿಂದ ಅಟ್ಟಿಕೊಂಡು ಬಂದು ಖೋ ಕೊಟ್ಟಳು, ಪೂನಮ ಎದ್ದು ಕಂಬ ಹಿಡಿದು ಮೈಯನ್ನೇ ಚೆಲ್ಲಿ ಮುಟ್ಟಿದಳು. ಜನ ಕೂಗಿದರು. ಆ ಉಪಾಯ ನನಗೆ ಹೊಳೆದಿರಲಿಲ್ಲ. ನಾನು ಆಡುತ್ತಿದ್ದ ಕಾಲದಲ್ಲೂ ಹೊಳೆದಿರಲಿಲ್ಲ.

ಒಂದು ಅಂಕದಿಂದ ಸೋತೆವು.

ಸಾಕ್ಷಿ ನೆಲದ ಮೇಲೆ ಕುಳಿತು ಅತ್ತಳು. ಬೇರೆಯವರೂ ಅತ್ತರು. ಪೂನಮ ಒಬ್ಬೊಬ್ಬರನ್ನೇ ಕೈಹಿಡಿದು ಎಬ್ಬಿಸಿದಳು. ಔರಾದಿನವರ ಹತ್ತಿರ ಕರೆದುಕೊಂಡು ಹೋಗಿ ಕೈ ಕೊಡಿಸಿದಳು. ಆಮೇಲೆ ಎಲ್ಲರನ್ನೂ ಕಂಬದ ಸುತ್ತ ನಿಲ್ಲಿಸಿ ಏನೋ ಹೇಳತೊಡಗಿದಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಹುಡುಗಿಯರು ಅಳು ನಿಲ್ಲಿಸಿ ಕೇಳುತ್ತಿದ್ದರು.

ನನ್ನ ಪಕ್ಕದಲ್ಲಿ ಕೆಂಪು ರುಮಾಲಿನ ಮುದುಕರೊಬ್ಬರು ನಿಂತಿದ್ದರು. ಇಡೀ ಪಂದ್ಯ ನೋಡಿದ್ದರಂತೆ. ನನ್ನ ಕಡೆ ತಿರುಗಿ ಕೇಳಿದರು.

"ಸೋತರೂ ಹುಡಿಗ್ಯಾರು ಭಾರಿ ಆಡ್ಯಾರ ನೋಡ್ರಿ. ಹುಮನಾಬಾದದವರಂತ. ಇವರಿಗಿ ಕಲಿಸೋರು ಯಾರು?"

"ಅಗಾ, ಕಂಬದ ಹಂತ್ಯಾಕ ನಿಂತಾಳಲ್ಲರಿ, ಉದ್ದನ್ನ ಹುಡುಗಿ," ಅಂದೆ. "ಅಕಿನೇ."

ಮುದುಕರು ಹಣೆಗೆ ಕೈ ಅಡ್ಡ ಹಿಡಿದು ಅವಳನ್ನು ಬಹಳ ಹೊತ್ತು ನೋಡಿದರು. ನಾನೂ ನೋಡಿದೆ.